ಯಾರೂ ಕೆಟ್ಟ ಮಾತು ಆಡದ ಕಚೇರಿಯಲ್ಲಿ ತಾರತಮ್ಯವನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ (ಕೂಲಿಯವರ ಸಾಲುಮನೆಯಲ್ಲಿ) ಬೆಳೆದವಳು. ಬಿ.ಕಾಂ. ಮುಗಿಸಿ, ಹಾಸನದ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಎಂಟು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನನಗಿಂತ ಎರಡು ವರ್ಷ ತಡವಾಗಿ ಸೇರಿದ ಒಬ್ಬರು (ಅವರಿಗೆ ಕೆಲಸ ಕಲಿಸಿದ್ದು ನಾನೇ) ಈಗ ವಿಭಾಗದ ಮುಖ್ಯಸ್ಥರಾಗಿದ್ದಾರೆ. ಕೇಳಿದಾಗ, "ನಿಮಗೆ ಚಿಕ್ಕ ಮಗುವಿದೆ, ಸಂಜೆ ಹೊತ್ತು ತೋಟಗಳಿಗೆ ಓಡಾಡುವುದು ಕಷ್ಟವಾಗುತ್ತದೆ" ಎಂದು ಮೃದುವಾಗಿಯೇ ಹೇಳಿದರು. ಎಂಟು ವರ್ಷಗಳಲ್ಲಿ ಯಾರೂ ನನಗೆ ಒಂದು ಕೆಟ್ಟ ಮಾತು ಆಡಿಲ್ಲ. ಹೀಗಾದದ್ದು ನಾನು ಹೆಣ್ಣೆಂಬ ಕಾರಣಕ್ಕೋ, ಪರಿಶಿಷ್ಟ ಜಾತಿಯವಳೆಂಬ ಕಾರಣಕ್ಕೋ, ನನ್ನದೇ ಕೊರತೆಯಿಂದಲೋ ತಿಳಿಯುತ್ತಿಲ್ಲ. ಅಮೆರಿಕದಲ್ಲಿ ಕೆಲಸದ ಸ್ಥಳದ ವರ್ಣಭೇದ, ಲಿಂಗಭೇದಗಳ ಬಗ್ಗೆ ಬಹಳ ಸಂಶೋಧನೆ ನಡೆದಿದೆ ಎಂದು ಓದಿದ್ದೇನೆ. ನಮ್ಮಂಥವರಿಗೆ ಅದರಿಂದ ತಿಳಿಯುವಂಥದ್ದು ಏನಾದರೂ ಇದೆಯೇ? (ಓದುಗರು, ಹಾಸನ)

ಉತ್ತರ: ನೀವು ಮೂರು ಅನುಮಾನಗಳನ್ನು ಮುಂದಿಟ್ಟಿದ್ದೀರಿ. ಅವುಗಳಲ್ಲಿ ಯಾವುದು ನಿಜವೆಂದು ತಮ್ಮ ಕುರ್ಚಿಯಲ್ಲಿ ಕುಳಿತೇ ಯಾರಾದರೂ ಖಚಿತವಾಗಿ ಹೇಳುವುದು ಬಹುಮಟ್ಟಿಗೆ ಅಸಾಧ್ಯ, ಮತ್ತು ಇದು ನಿಮ್ಮ ತಿಳಿವಳಿಕೆಯ ದೋಷವಲ್ಲ, ವಿಷಯದ ಸ್ವಭಾವವೇ ಹಾಗಿದೆ. ತೋಟದಲ್ಲಿ ಬೆಳೆದ ನಿಮಗೆ ಇದನ್ನು ವಿವರಿಸುವುದು ಸುಲಭ. ಒಂದು ಗಿಡದಲ್ಲಿ ಫಸಲು ಕಡಿಮೆಯಾದರೆ ಅದಕ್ಕೆ ಹೂಮಳೆ ತಪ್ಪಿದ್ದು ಕಾರಣವೋ, ನೆರಳು ಹೆಚ್ಚಾದದ್ದೋ, ಕಾಂಡಕೊರಕವೋ ಎಂದು ಆ ಗಿಡವೊಂದನ್ನೇ ನೋಡಿ ಹೇಳುವುದು ಕಷ್ಟ. ಅದೇ ವಯಸ್ಸಿನ, ಅದೇ ತಳಿಯ, ಅದೇ ಮಣ್ಣಿನ ಇಡೀ ಸಾಲನ್ನು ಪಕ್ಕದ ಸಾಲಿನೊಂದಿಗೆ ಹೋಲಿಸಿದಾಗ ಕಾರಣ ಕಣ್ಣಿಗೆ ಬೀಳುತ್ತದೆ. ಉದ್ಯೋಗದಲ್ಲಿನ ತಾರತಮ್ಯದ ಬಗ್ಗೆ ಸಮಾಜಶಾಸ್ತ್ರಜ್ಞರು, ಅರ್ಥಶಾಸ್ತ್ರಜ್ಞರು ಕಳೆದ ಹಲವು ದಶಕಗಳಲ್ಲಿ ಮಾಡಿರುವ ಕೆಲಸವೆಲ್ಲ ಹೆಚ್ಚುಕಡಿಮೆ ಇಂಥ ಸಾಲುಗಳನ್ನು ಜೋಡಿಸುವ ಕೆಲಸವೇ. ಅವರ ಅಂಕಿಗಳನ್ನು ತಂದು ಹಾಸನಕ್ಕೆ ಅಂಟಿಸಲು ಬರುವುದಿಲ್ಲ, ಆದರೆ ಜೋಡಿಸುವ ರೀತಿಯನ್ನು ತರಬಹುದು.

ಇವುಗಳಲ್ಲಿ ಹೆಚ್ಚು ಹೆಸರಾದ ಪ್ರಯೋಗವನ್ನು ಮಾಡಿದವರು ಅರ್ಥಶಾಸ್ತ್ರಜ್ಞರಾದ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್. ಫಲಿತಾಂಶ ಪ್ರಕಟವಾದದ್ದು 2004ರಲ್ಲಿ. ಬಾಸ್ಟನ್ ಮತ್ತು ಶಿಕಾಗೊ ನಗರಗಳ ಪತ್ರಿಕೆಗಳಲ್ಲಿ ಬಂದ ಸುಮಾರು 1,300 ಉದ್ಯೋಗ ಜಾಹೀರಾತುಗಳಿಗೆ ಅವರು ಹತ್ತಿರ ಹತ್ತಿರ 5,000 ಕಾಲ್ಪನಿಕ ಅರ್ಜಿಗಳನ್ನು ಕಳುಹಿಸಿದರು. ಅರ್ಜಿಗಳ ವಿದ್ಯೆ, ಅನುಭವ ಎಲ್ಲವೂ ಸರಿಸಮ. ವ್ಯತ್ಯಾಸ ಹೆಸರಿನಲ್ಲಿ ಮಾತ್ರ. ಅರ್ಧದಷ್ಟಕ್ಕೆ ಎಮಿಲಿ, ಗ್ರೆಗ್ ಮುಂತಾದ ಬಿಳಿಯರಲ್ಲಿ ರೂಢಿಯಲ್ಲಿರುವ ಹೆಸರುಗಳು, ಇನ್ನರ್ಧಕ್ಕೆ ಲಕಿಷಾ, ಜಮಾಲ್ ಮುಂತಾದ ಕರಿಯರಲ್ಲಿ ರೂಢಿಯಲ್ಲಿರುವ ಹೆಸರುಗಳು. ಬಿಳಿಯ ಹೆಸರಿನವರು ಸುಮಾರು 10 ಅರ್ಜಿ ಹಾಕಿದರೆ ಒಂದು ಕರೆ ಬಂದಿತು. ಕರಿಯ ಹೆಸರಿನವರು ಅದೇ ಒಂದು ಕರೆಗೆ ಸುಮಾರು 15 ಅರ್ಜಿ ಹಾಕಬೇಕಾಯಿತು. ನಿಮ್ಮ ಮೂರನೆಯ ಅನುಮಾನಕ್ಕೆ ಸಂಬಂಧಿಸಿದ ಒಂದು ಅಂಶವೂ ಅದರಲ್ಲಿದೆ. ಸಂಶೋಧಕರು ಎರಡೂ ಬಗೆಯ ಹೆಸರುಗಳ ಕೆಲವು ಅರ್ಜಿಗಳ ಗುಣಮಟ್ಟವನ್ನು ಬೇಕೆಂದೇ ಹೆಚ್ಚಿಸಿದ್ದರು. ಬಿಳಿಯ ಹೆಸರಿನ ಅರ್ಜಿ ಹೀಗೆ ಉತ್ತಮಗೊಂಡಾಗ ಕರೆಗಳು ಶೇ 30ರಷ್ಟು ಹೆಚ್ಚಿದವು. ಕರಿಯ ಹೆಸರಿನ ಅರ್ಜಿಗಳಿಗೆ ಸಿಕ್ಕ ಲಾಭ ಅದಕ್ಕಿಂತ ಬಹಳ ಕಡಿಮೆ. "ಇನ್ನೂ ಒಂದು ಕೋರ್ಸ್ ಮಾಡಿಕೊಳ್ಳಿ, ಇನ್ನೊಂದಿಷ್ಟು ಅನುಭವ ಬರಲಿ" ಎಂಬ ಉಪದೇಶ ಎಲ್ಲರಿಗೂ ಒಂದೇ ಫಲ ಕೊಡುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಇದಕ್ಕೆ ಒಂದು ವರ್ಷ ಮೊದಲು, 2003ರಲ್ಲಿ, ಡೆವಾ ಪೇಜರ್ ಎಂಬ ಸಮಾಜಶಾಸ್ತ್ರಜ್ಞೆ ಮಿಲ್ವಾಕಿ ನಗರದ ಅಧ್ಯಯನವೊಂದನ್ನು ಪ್ರಕಟಿಸಿದರು. ಅಲ್ಲಿ ಕಾಗದದ ಅರ್ಜಿಗಳ ಬದಲು ಮನುಷ್ಯರೇ ಹೋದರು: ಇಬ್ಬರು ಬಿಳಿಯ, ಇಬ್ಬರು ಕರಿಯ ಯುವಕರು, ಮಾತುಕತೆ, ಉಡುಪು, ವಿದ್ಯೆಗಳಲ್ಲಿ ಸಮಾನರೆನಿಸುವಂತೆ ತರಬೇತಿ ಪಡೆದು, 350 ಉದ್ಯೋಗದಾತರ ಬಾಗಿಲು ತಟ್ಟಿದರು. ಪ್ರತಿ ಜೋಡಿಯಲ್ಲಿ ಒಬ್ಬ, ಸರದಿಯಂತೆ, ತಾನು ಜೈಲಿಗೆ ಹೋಗಿ ಬಂದವನೆಂದು ಅರ್ಜಿಯಲ್ಲಿ ತೋರಿಸುತ್ತಿದ್ದ. ಯಾವ ಅಪರಾಧವೂ ಇಲ್ಲದ ಬಿಳಿಯನಿಗೆ ಶೇ 34 ಕಡೆಗಳಿಂದ ಮರುಕರೆ ಬಂದಿತು, ಜೈಲಿಗೆ ಹೋಗಿ ಬಂದ ಬಿಳಿಯನಿಗೆ ಶೇ 17. ಅಪರಾಧವಿಲ್ಲದ ಕರಿಯನಿಗೆ ಶೇ 14, ಜೈಲಿನ ದಾಖಲೆಯಿದ್ದ ಕರಿಯನಿಗೆ ಶೇ 5. ಎರಡನೆಯ ಮತ್ತು ಮೂರನೆಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ಕೈದಿಯಾಗಿದ್ದ ಬಿಳಿಯನ ಸ್ಥಿತಿ ಯಾವ ತಪ್ಪೂ ಮಾಡದ ಕರಿಯನ ಸ್ಥಿತಿಗಿಂತ ಕೀಳಾಗಿರಲಿಲ್ಲ. ನಾನು ಈ ಪ್ರಯೋಗವನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ವಿದ್ಯಾರ್ಥಿಗಳು ಕೇಳುತ್ತಿದ್ದುದು, ಆ ಉದ್ಯೋಗದಾತರು ಯುವಕರನ್ನು ಅವಮಾನಿಸಿದರೇ ಎಂದು. ಈ ಬಗೆಯ ಪ್ರಯೋಗಗಳ ಸ್ವಾರಸ್ಯ ಇರುವುದೇ ಇಲ್ಲಿ. ಅರ್ಜಿ ತೆಗೆದುಕೊಂಡು "ತಿಳಿಸುತ್ತೇವೆ" ಎಂದಷ್ಟೇ ಹೇಳಿ ಕಳುಹಿಸಿದರೂ ತಾರತಮ್ಯ ನಡೆದುಹೋಗಿರುತ್ತದೆ. ಹೊರಗೆ ಬಂದವನಿಗೆ ದೂರುವುದಕ್ಕೆ ಒಂದು ಮಾತೂ ಉಳಿದಿರುವುದಿಲ್ಲ. ನಿಮ್ಮ ಎಂಟು ವರ್ಷಗಳಲ್ಲಿ ಯಾರೂ ಕೆಟ್ಟ ಮಾತು ಆಡಿಲ್ಲ ಎಂಬುದು ಒಳ್ಳೆಯ ಸಂಗತಿಯೇ, ಆದರೆ ಅದು ಯಾವ ಕಡೆಗೂ ಪುರಾವೆಯಾಗುವುದಿಲ್ಲ.

ಇಂಥ ಪ್ರಯೋಗಗಳು ಒಂದೆರಡಲ್ಲ. ಲಿಂಕನ್ ಕ್ವಿಲಿಯನ್ ಮತ್ತು ಸಂಗಡಿಗರು 2017ರಲ್ಲಿ ಅಮೆರಿಕದ 28 ಕ್ಷೇತ್ರ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಿಳಿಯರಿಗೆ ಕರಿಯರಿಗಿಂತ ಸರಾಸರಿ ಶೇ 36ರಷ್ಟು, ಲ್ಯಾಟಿನೊ ಮೂಲದವರಿಗಿಂತ ಶೇ 24ರಷ್ಟು ಹೆಚ್ಚು ಕರೆಗಳು ಬಂದಿದ್ದವು. ಕರಿಯರ ವಿಷಯದಲ್ಲಿ ಕಾಲು ಶತಮಾನದ ಅವಧಿಯಲ್ಲಿ ಈ ಅಂತರ ಕುಗ್ಗಿದ ಸೂಚನೆ ಸಿಗಲಿಲ್ಲ. ಈ ವಿಧಾನಕ್ಕೆ ಮಿತಿಗಳೂ ಇವೆ. ಹೆಸರು ಜನಾಂಗವನ್ನಷ್ಟೇ ಸೂಚಿಸುವುದಿಲ್ಲ, ಮನೆತನದ ಬಡತನ ಸಿರಿತನಗಳನ್ನೂ ಸೂಚಿಸುತ್ತದೆ ಎಂಬ ಆಕ್ಷೇಪ ಮೊದಲಿನಿಂದಲೂ ಇದೆ; ಅಲ್ಲದೆ, ಕರೆ ಬಂದ ಮಾತ್ರಕ್ಕೆ ಕೆಲಸ ಸಿಕ್ಕಿತೆಂದಲ್ಲ, ಕೆಲಸ ಸಿಕ್ಕಿದ ಮೇಲಿನ ಬಡ್ತಿಯ ಕಥೆಯನ್ನು ಅರ್ಜಿಗಳ ಪ್ರಯೋಗ ಹೇಳಲಾರದು. ನಿಮ್ಮ ಪ್ರಶ್ನೆ ಇರುವುದು ಬಡ್ತಿಯ ಬಗ್ಗೆ. ಅದಕ್ಕೆ ಬರುವ ಮೊದಲು ನಮ್ಮ ದೇಶದ ವಿಷಯ ನೋಡೋಣ.

"ನಮ್ಮಲ್ಲಿ ಕರಿಯ ಬಿಳಿಯ ಎಂಬ ಭೇದವಿಲ್ಲವಲ್ಲ" ಎನ್ನುವವರಿಗೆ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ಅವರ 2007ರ ಅಧ್ಯಯನವೇ ಉತ್ತರ. ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ ಅವರು 66 ವಾರಗಳ ಅವಧಿಯಲ್ಲಿ 4,808 ಅರ್ಜಿಗಳನ್ನು ಕಳುಹಿಸಿದರು. ಅರ್ಹತೆ ಸಮಾನವಾಗಿದ್ದಾಗಲೂ, ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಸುಮಾರು ಮೂರನೇ ಎರಡು ಪಾಲಿಗೆ, ಮುಸ್ಲಿಂ ಹೆಸರಿಗೆ ಸುಮಾರು ಮೂರನೇ ಒಂದು ಪಾಲಿಗೆ ಇಳಿದಿತ್ತು. ಇದು ಪದವೀಧರರು ಹೋಗುವ, ಜಾಹೀರಾತು ಕೊಡುವ ಆಧುನಿಕ ಕಂಪನಿಗಳ ಮಾತು ಎಂಬುದನ್ನು ಗಮನಿಸಿ. ಪರಿಚಯದ ಮೇಲೆ, ಶಿಫಾರಸಿನ ಮೇಲೆ ಆಳು ತೆಗೆದುಕೊಳ್ಳುವ ನಮ್ಮ ಜಿಲ್ಲಾ ಕೇಂದ್ರಗಳ ಅಂಗಡಿ, ಮಂಡಿ, ಸಣ್ಣ ಕಾರ್ಖಾನೆಗಳು ಈ ಲೆಕ್ಕದೊಳಗೇ ಬರುವುದಿಲ್ಲ.

ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನಕ್ಕಾಗಿ ಕ್ಯಾಥರೀನ್ ನ್ಯೂಮನ್ ಮತ್ತು ಸುರಿಂದರ್ ಜೋಧ್ಕಾ ಅವರು ದೊಡ್ಡ ಕಂಪನಿಗಳ 25 ಮಂದಿ ಮಾನವ ಸಂಪನ್ಮೂಲ ಅಧಿಕಾರಿಗಳನ್ನು ಮಾತನಾಡಿಸಿದ್ದರು. ಪ್ರತಿಭೆಯೊಂದೇ ತಮ್ಮ ಮಾನದಂಡವೆಂದು ಹೇಳಿದ ಅಧಿಕಾರಿಗಳೇ, ಅಭ್ಯರ್ಥಿಯ ಕುಟುಂಬದ ಹಿನ್ನೆಲೆಯನ್ನು ಕೇಳುವುದು ಅಗತ್ಯ ಎಂದೂ ಹೇಳಿದರು; ತಂದೆ ಏನು ಮಾಡುತ್ತಾರೆ, ಊರು ಯಾವುದು, ಮನೆಯಲ್ಲಿ ಎಷ್ಟು ಮಂದಿ ಓದಿದ್ದಾರೆ ಎಂಬುದರಿಂದ ಆ ಮನುಷ್ಯನ ಸಂಸ್ಕಾರ, ನಡವಳಿಕೆ ತಿಳಿಯುತ್ತದೆಂಬುದು ಅವರ ನಂಬಿಕೆ. ಈ ಎರಡು ಮಾತುಗಳ ನಡುವೆ ವಿರೋಧವಿದೆ ಎಂದು ಅವರಿಗೆ ಅನಿಸಲೇ ಇಲ್ಲ. ಇದನ್ನು ಓದಿದಾಗ ನನಗೆ ಸ್ವಲ್ಪ ಮುಜುಗರವೇ ಆಯಿತು ಎಂದು ಒಪ್ಪಿಕೊಳ್ಳಬೇಕು. ಹಲವಾರು ವರ್ಷ ಆಯ್ಕೆ ಸಮಿತಿಗಳಲ್ಲಿ ಕುಳಿತ ನಾನು, ಅಭ್ಯರ್ಥಿಯ ಅಳುಕು ಕಳೆಯಲೆಂದು ಕೇಳುತ್ತಿದ್ದ ಮೊದಲ ಪ್ರಶ್ನೆ "ಯಾವ ಕಡೆಯವರಪ್ಪಾ, ತಂದೆಯವರು ಏನು ಮಾಡುತ್ತಾರೆ?" ಎಂಬುದೇ ಆಗಿತ್ತು. ತೋಟದ ಮಾಲೀಕರ ಮಗ ಈ ಪ್ರಶ್ನೆಗೆ ನಿರಾಳವಾಗಿ ಉತ್ತರಿಸುತ್ತಾನೆ, ಮಾತು ಬೆಳೆಯುತ್ತದೆ, ಯಾರೋ ಪರಿಚಿತರ ಹೆಸರು ಬರುತ್ತದೆ, ಸಂದರ್ಶನ ಹರಟೆಯಂತಾಗುತ್ತದೆ. "ತೋಟದಲ್ಲಿ ಕೂಲಿ ಕೆಲಸ" ಎಂದು ಉತ್ತರಿಸಿದ ಹುಡುಗಿಯ ಮುಂದೆ ನಾವು ಒಂದು ಗಳಿಗೆ ಸುಮ್ಮನಾಗಿ, "ಬಹಳ ಸಂತೋಷ" ಎಂದು ಹೇಳಿ ನೇರವಾಗಿ ವಿಷಯಕ್ಕೆ ಹೋಗುತ್ತೇವೆ. ಇಬ್ಬರಿಗೂ ಅದೇ ಪ್ರಶ್ನೆ, ಅದೇ ಸೌಜನ್ಯ. ಒಬ್ಬನಿಗೆ ಅದು ಏಣಿಯಾಯಿತು, ಇನ್ನೊಬ್ಬಳಿಗೆ ಹೊಸ್ತಿಲಾಯಿತು. ಮನಸ್ಸಿನಲ್ಲಿ ದುರುದ್ದೇಶ ಇತ್ತೇ ಎಂದು ನನ್ನನ್ನು ಕೇಳಿದ್ದರೆ ಇಲ್ಲವೆಂದು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದೆ.

ಈಗ ಬಡ್ತಿಯ ವಿಷಯ. ತಾರತಮ್ಯವನ್ನು ಮೇಲಧಿಕಾರಿಯ ಮನಸ್ಸಿನಲ್ಲಿ ಹುಡುಕುವ ಮುಂಚೆ ಕೆಲಸವನ್ನೇ ಹೇಗೆ ಹಂಚಲಾಗಿದೆ, ಯಾವ ಕೆಲಸದಿಂದ ಮೇಲಿನ ಮೆಟ್ಟಿಲಿಗೆ ದಾರಿಯಿದೆ ಎಂದು ನೋಡಬೇಕು. ಇದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಲ್ಲ, ನೀವು ಹುಟ್ಟಿ ಬೆಳೆದ ತೋಟವೇ ಸಾಕು. ಹತ್ತೊಂಬತ್ತನೆಯ ಶತಮಾನದಲ್ಲಿ ಮಂಜರಾಬಾದ್ ಸೀಮೆಯಲ್ಲೂ (ಇಂದಿನ ಸಕಲೇಶಪುರದ ಕಡೆ) ಬಾಬಾಬುಡನ್‌ಗಿರಿಯ ಆಸುಪಾಸಿನಲ್ಲೂ ಯುರೋಪಿಯನ್ ಪ್ಲಾಂಟರುಗಳು ನೆಲೆಸಿದಾಗ ರೂಪುಗೊಂಡ ಶ್ರೇಣಿಯನ್ನು ಗಮನಿಸಿ: ಬಂಗಲೆಯಲ್ಲಿ ಬಿಳಿಯ ದೊರೆ, ಆಫೀಸಿನಲ್ಲಿ ಓದುಬರಹ ಬಲ್ಲ ರೈಟರು, ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಆಳು ಕರೆತರುವ ಮೇಸ್ತ್ರಿ, ಲೈನ್ ಮನೆಗಳಲ್ಲಿ ಕೂಲಿಯವರು. ಚರ್ಮದ ಬಣ್ಣ, ಜಾತಿ, ಊರು, ಭಾಷೆ ಎಲ್ಲವೂ ಮೆಟ್ಟಿಲುಗಳಾಗಿ ಒಂದರ ಮೇಲೊಂದು ಕುಳಿತ ಶ್ರೇಣಿ ಅದು. ದೊರೆಗಳು ಹೋದರು, ಮೆಟ್ಟಿಲುಗಳು ಬಹುಮಟ್ಟಿಗೆ ಉಳಿದವು. ಇಂದು ಕೆಳಗಿನ ಮೆಟ್ಟಿಲಿಗೆ ಅಸ್ಸಾಂ, ಜಾರ್ಖಂಡ್ ಕಡೆಯ ಕುಟುಂಬಗಳು ಬಂದು ಸೇರಿವೆ, ಅವರ ಮುಖಚಹರೆ, ಭಾಷೆಗಳ ಬಗ್ಗೆ ನಮ್ಮವರು ಆಡುವ ಮಾತುಗಳನ್ನು ಕೇಳಿದವರು ನಮ್ಮಲ್ಲಿ ಜನಾಂಗಭೇದವಿಲ್ಲ ಎಂದು ಹೇಳಲು ಹಿಂಜರಿಯಬೇಕು.

ಇದೇ ಶ್ರೇಣಿಯೊಳಗೆ ಇನ್ನೊಂದು ಗೆರೆ ಇದೆ. ಗಂಡಾಳು, ಹೆಣ್ಣಾಳು ಎಂಬ ಎರಡು ಪದಗಳು ನಮ್ಮ ಕೃಷಿಯಲ್ಲಿ ಬಹಳ ಕಾಲದಿಂದ ಎರಡು ಕೂಲಿದರಗಳ ಹೆಸರುಗಳೇ ಆಗಿದ್ದವು. ಮರಗಸಿ ಮಾಡುವುದು (ನೆರಳಿನ ಮರಗಳ ಕೊಂಬೆ ಸವರುವುದು), ಔಷಧಿ ಹೊಡೆಯುವುದು, ಮೂಟೆ ಹೊರುವುದು ಗಂಡಾಳಿನ ಕೆಲಸ. ಹಣ್ಣು ಬಿಡಿಸುವುದು, ಚಿಗುರು ತೆಗೆಯುವುದು, ಕಣದಲ್ಲಿ ಕಾಫಿ ಹರಡುವುದು, ಬೀಜ ಆರಿಸುವುದು ಹೆಣ್ಣಾಳಿನ ಕೆಲಸ. ಮರ ಹತ್ತುವುದಕ್ಕೆ ಧೈರ್ಯ ಬೇಕು, ಅದು ಕಸುಬು ಎನ್ನುತ್ತೇವೆ. ಅರೇಬಿಕಾ ಗಿಡದಲ್ಲಿ ಹಸಿರು ಕಾಯಿಯನ್ನು ಬಿಟ್ಟು, ತೊಟ್ಟು ಘಾಸಿಯಾಗದಂತೆ ಕೆಂಪು ಹಣ್ಣನ್ನಷ್ಟೇ ದಿನವಿಡೀ ಬಿಡಿಸುವುದಕ್ಕೆ ಬೇಕಾದ ಕಣ್ಣು ಮತ್ತು ಬೆರಳುಗಳ ಪಳಗಿಕೆಯನ್ನು ಮಾತ್ರ "ಹೆಂಗಸರ ಕೈಗುಣ" ಎಂದುಬಿಡುತ್ತೇವೆ. ಒಂದು ಕೆಲಸವನ್ನು ಕೈಗುಣ ಎಂದು ಕರೆದ ಕೂಡಲೇ ಅದಕ್ಕೆ ತರಬೇತಿಯ ಬೆಲೆ ಇಲ್ಲ, ಅನುಭವದ ಬೆಲೆ ಇಲ್ಲ, ಅದರಿಂದ ಮೇಸ್ತ್ರಿಯಾಗುವ ದಾರಿಯೂ ಇಲ್ಲ. ಮೂವತ್ತು ವರ್ಷ ಹಣ್ಣು ಬಿಡಿಸಿದವಳು ಮೂವತ್ತನೆಯ ವರ್ಷವೂ ಹೆಣ್ಣಾಳೇ. ನಿಮ್ಮ ಕಚೇರಿಯಲ್ಲಿ ಇದಕ್ಕೆ ಸಮನಾದದ್ದು ಯಾವುದು ಎಂದು ಯೋಚಿಸಿ: ದಿನದ ಲೆಕ್ಕ ತಾಳೆ ನೋಡುವುದು, ಬಾಕಿ ಪಟ್ಟಿ ಮಾಡುವುದು, ಹೊಸಬರಿಗೆ ಕಲಿಸುವುದು ಒಂದು ಕಡೆ, ತೋಟಗಳಿಗೆ ಹೋಗಿ ಮಾಲೀಕರೊಂದಿಗೆ ಮಾತನಾಡಿ ಬರುವುದು ಇನ್ನೊಂದು ಕಡೆ. ಮುಖ್ಯಸ್ಥರ ಹುದ್ದೆಗೆ ಯಾವ ಕಡೆಯಿಂದ ದಾರಿಯಿದೆ, ಆ ಕಡೆಯ ಕೆಲಸವನ್ನು ನಿಮಗೆ ಎಂದಾದರೂ ವಹಿಸಿದ್ದರೇ?

ಜೋನ್ ಆ್ಯಕರ್ ಎಂಬ ಸಮಾಜಶಾಸ್ತ್ರಜ್ಞೆ 1990ರಲ್ಲಿ ಬರೆದ ಪ್ರಬಂಧದ ತಿರುಳು ಇದಕ್ಕೆ ಹತ್ತಿರವಾದದ್ದು. ಸಂಸ್ಥೆಗಳು "ಹುದ್ದೆ" ಎಂದು ಕಾಗದದ ಮೇಲೆ ಬರೆಯುವಾಗ ಅಲ್ಲಿ ಗಂಡು ಹೆಣ್ಣು ಎಂಬ ಮಾತೇ ಇರುವುದಿಲ್ಲ, ಆದರೆ ಆ ಹುದ್ದೆಯಲ್ಲಿ ಕಲ್ಪಿಸಿಕೊಂಡಿರುವ ಆದರ್ಶ ನೌಕರನಿಗೆ ಹೆರಿಗೆ ಇಲ್ಲ, ಮನೆಯಲ್ಲಿ ಕಾಯಿಲೆ ಬಿದ್ದ ಮಗುವಿಲ್ಲ, ಸಂಜೆಯ ಬಸ್ಸು ಹಿಡಿಯುವ ಅವಸರವಿಲ್ಲ. ಅವನ ಮನೆಯನ್ನು ಬೇರೆ ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂಬುದು ಹುದ್ದೆಯ ಬರೆಯದ ಷರತ್ತು. ಆ ಬೇರೆ ಯಾರೋ ಯಾರೆಂಬುದನ್ನು ನಮ್ಮ ರಾಷ್ಟ್ರೀಯ ಅಂಕಿಅಂಶ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆ ಹೇಳುತ್ತದೆ: ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ.

"ನಿಮಗೆ ಚಿಕ್ಕ ಮಗುವಿದೆ" ಎಂಬ ಮಾತಿನ ಬಗ್ಗೆ ನೇರವಾದ ಸಂಶೋಧನೆಯೇ ಇದೆ. ಶೆಲ್ಲಿ ಕೊರೆಲ್, ಸ್ಟೀಫನ್ ಬೆನಾರ್ಡ್ ಮತ್ತು ಇನ್ ಪೈಕ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಾನ ಅರ್ಹತೆಯ ಎರಡು ಅರ್ಜಿಗಳಲ್ಲಿ ಒಂದರಲ್ಲಿ ಮಾತ್ರ ಅಭ್ಯರ್ಥಿಗೆ ಮಕ್ಕಳಿದ್ದಾರೆಂಬ ಸೂಚನೆ ಇತ್ತು. ಪ್ರಯೋಗಾಲಯದಲ್ಲಿ ಅರ್ಜಿ ಪರಿಶೀಲಿಸಿದವರು ತಾಯಂದಿರನ್ನು ಕಡಿಮೆ ಸಮರ್ಥರೆಂದೂ ಕೆಲಸಕ್ಕೆ ಕಡಿಮೆ ಬದ್ಧರೆಂದೂ ಅಳೆದರು, ಅವರಿಗೆ ಸೂಚಿಸಿದ ಆರಂಭಿಕ ಸಂಬಳವೂ ಕಡಿಮೆ. ತಂದೆಯರಿಗೆ ಇಂಥ ದಂಡ ಬೀಳಲಿಲ್ಲ. ಕೆಲವು ಅಳತೆಗಳಲ್ಲಿ ಅವರಿಗೆ ಲಾಭವೇ ಆಯಿತು. ನಿಜವಾದ ಉದ್ಯೋಗದಾತರಿಗೆ ಅರ್ಜಿ ಕಳುಹಿಸಿದಾಗ ಮಕ್ಕಳಿಲ್ಲದ ಹೆಂಗಸರಿಗೆ ತಾಯಂದಿರಿಗಿಂತ ಎರಡು ಪಟ್ಟಿಗೂ ಸ್ವಲ್ಪ ಹೆಚ್ಚು ಕರೆಗಳು ಬಂದವು. ನಿಮ್ಮ ಸಹೋದ್ಯೋಗಿಗೂ ಮಕ್ಕಳಿದ್ದಾರೆಯೇ ಎಂದು ನೀವು ಬರೆದಿಲ್ಲ. ಇದ್ದರೆ, ಅವರ ಬಡ್ತಿಯ ಸಂದರ್ಭದಲ್ಲಿ ಆ ವಿಷಯವನ್ನು ಯಾರಾದರೂ ಎತ್ತಿದ್ದರೇ ಎಂಬುದು ಕೇಳಬೇಕಾದ ಪ್ರಶ್ನೆ. ಇನ್ನೊಂದು ಪ್ರಶ್ನೆಯೂ ಇದೆ: ತೋಟಗಳಿಗೆ ಓಡಾಡುವುದು ನಿಮಗೆ ಕಷ್ಟವೇ ಎಂದು ನಿಮ್ಮನ್ನು ಮೊದಲೇ ಕೇಳಿದ್ದರೇ, ಅಥವಾ ನಿಮ್ಮ ಪರವಾಗಿ ಅವರೇ ಉತ್ತರ ಬರೆದುಕೊಂಡರೇ? ಮೃದುವಾದ ಮಾತು ಎಂದಿದ್ದೀರಿ, ಇರಬಹುದು. ಆದರೆ ಕಾಳಜಿಯ ಹೆಸರಿನಲ್ಲಿ ಬೇರೊಬ್ಬರ ಪರವಾಗಿ ನಿರ್ಧರಿಸುವುದನ್ನು ನಾನು ಮೃದುವಾದ ಕೆಲಸ ಎಂದು ಕರೆಯಲಾರೆ.

ಇಲ್ಲೊಂದು ವಿಪರ್ಯಾಸ ಇದೆ. 1951ರ ತೋಟ ಕಾರ್ಮಿಕರ ಕಾಯ್ದೆ, 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರ ಇರಬೇಕೆಂದು ಕಡ್ಡಾಯ ಮಾಡಿತ್ತು. ಅದು ಎಷ್ಟು ತೋಟಗಳಲ್ಲಿ ಹೇಗೆ ನಡೆಯಿತೆಂಬುದು ಬೇರೆ ಮಾತು, ಆದರೆ ಹಣ್ಣು ಬಿಡಿಸುವ ತಾಯಿಯ ಮಗು ಮಾಲೀಕನ ಹೊಣೆಯೂ ಹೌದು ಎಂದು ಕಾನೂನು ಅಂದೇ ಒಪ್ಪಿತ್ತು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಶಿಶುವಿಹಾರದ ಹೊಣೆ ಹೊರಿಸಿತು. ಅಷ್ಟು ಜನರಿಲ್ಲದ ಕಚೇರಿಯಲ್ಲಿ ಕೂತು ಲೆಕ್ಕ ಬರೆಯುವ ತಾಯಿಗೆ ಈ ವಿಷಯದಲ್ಲಿ ಕಾನೂನಿನ ಆಸರೆ ಇಲ್ಲ.

ಹೆಣ್ಣೆಂಬ ಕಾರಣಕ್ಕೋ ಜಾತಿಯ ಕಾರಣಕ್ಕೋ ಎಂಬ ನಿಮ್ಮ ಪ್ರಶ್ನೆಯಲ್ಲಿ ಆ "ಓ" ಪ್ರತ್ಯಯವೇ ತೊಡಕು. ಜನರಲ್ ಮೋಟಾರ್ಸ್ ಕಂಪನಿಯ ವಿರುದ್ಧ ಐವರು ಕರಿಯ ಮಹಿಳೆಯರು ಹೂಡಿದ ಮೊಕದ್ದಮೆಯ ತೀರ್ಪು 1976ರಲ್ಲಿ ಬಂದಿತು. 1964ಕ್ಕೆ ಮುಂಚೆ ಆ ಕಂಪನಿ ಕರಿಯ ಮಹಿಳೆಯರನ್ನು ಕೆಲಸಕ್ಕೆ ತೆಗೆದುಕೊಂಡಿರಲಿಲ್ಲ. ಮುಂದೆ ಮುಗ್ಗಟ್ಟು ಬಂದು, ಕೊನೆಗೆ ಸೇರಿದವರನ್ನು ಮೊದಲು ತೆಗೆಯುವ ನಿಯಮ ಜಾರಿಯಾದಾಗ ಅವರು ಕೆಲಸ ಕಳೆದುಕೊಂಡರು. ಕಂಪನಿ ಹೆಂಗಸರನ್ನು ತೆಗೆದುಕೊಂಡಿದೆ, ಆದ್ದರಿಂದ ಲಿಂಗ ತಾರತಮ್ಯವಿಲ್ಲ ಎಂದಿತು ನ್ಯಾಯಾಲಯ. ಆ ಹೆಂಗಸರು ಬಿಳಿಯರಾಗಿದ್ದರು. ಜನಾಂಗ ತಾರತಮ್ಯದ ದೂರನ್ನು ಬೇಕಾದರೆ ಕರಿಯ ಗಂಡಸರ ಮೊಕದ್ದಮೆಯೊಂದಿಗೆ ಸೇರಿಸಿಕೊಳ್ಳಲಿ, ಎರಡನ್ನೂ ಕೂಡಿಸಿ ಹೊಸದೊಂದು ಹಕ್ಕನ್ನು ಕೇಳುವಂತಿಲ್ಲ ಎಂದಿತು. ಹೆಂಗಸರ ಪಟ್ಟಿಯನ್ನೂ ಕರಿಯರ ಪಟ್ಟಿಯನ್ನೂ ಬೇರೆಬೇರೆಯಾಗಿಯೇ ನೋಡಿ ಎರಡರ ನಡುವೆ ಬಿದ್ದವರನ್ನು ಕಾಣದೇ ಹೋದ ಈ ತೀರ್ಪನ್ನು ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ವಿಶ್ಲೇಷಿಸಿದರು. ನಿಮ್ಮ ಸಂಸ್ಥೆಯಲ್ಲಿ ಮೇಲಿನ ಹುದ್ದೆಗೆ ಏರಿದ ಒಬ್ಬ ಮಹಿಳೆ ಇರಬಹುದು, ಪರಿಶಿಷ್ಟ ಜಾತಿಯ ಒಬ್ಬ ಗಂಡಸೂ ಇರಬಹುದು. ಲೈನ್ ಮನೆಯಿಂದ ಬಂದ ಪರಿಶಿಷ್ಟ ಜಾತಿಯ ಮಹಿಳೆ ಇದ್ದಾರೆಯೇ ಎಂದು ಕೇಳಿದರೆ ಪಟ್ಟಿ ಬೇರೆಯೇ ಆಗುತ್ತದೆ. ಈ ಎರಡು ಗೆರೆಗಳು ಒಂದನ್ನೊಂದು ಕತ್ತರಿಸುವಾಗ ಗಂಡಸರಿಗೂ ಫಲ ಬದಲಾಗುತ್ತದೆ: ನರ್ಸಿಂಗ್‌ನಂಥ ಹೆಂಗಸರೇ ಹೆಚ್ಚಿರುವ ವೃತ್ತಿಗಳಲ್ಲಿ ಗಂಡಸರು ಬೇಗ ಮೇಲೇರುತ್ತಾರೆಂದು ಕ್ರಿಸ್ಟೀನ್ ವಿಲಿಯಮ್ಸ್ 1992ರಲ್ಲಿ ತೋರಿಸಿದ್ದರು, ಆ ಅನುಕೂಲ ಕರಿಯ ಗಂಡು ನರ್ಸುಗಳಿಗೆ ಸಿಗುವುದಿಲ್ಲವೆಂದು ಏಡಿಯಾ ಹಾರ್ವೆ ವಿಂಗ್‌ಫೀಲ್ಡ್ 2009ರಲ್ಲಿ ಕಂಡುಕೊಂಡರು.

ಕಚೇರಿಗಳಲ್ಲಿ ಇದೆಲ್ಲ ಯಾವ ಕೈಯಿಂದ ನಡೆಯುತ್ತದೆ ಎಂಬುದಕ್ಕೆ ಎಮಿಲಿಯೊ ಕ್ಯಾಸ್ಟಿಲ್ಲಾ ಅವರ ಕೆಲಸ ನನಗೆ ಬಹಳ ಮುಖ್ಯವೆನಿಸುತ್ತದೆ. ದೊಡ್ಡ ಕಂಪನಿಯೊಂದರ ಸಿಬ್ಬಂದಿ ದಾಖಲೆಗಳನ್ನು ಪರಿಶೀಲಿಸಿ 2008ರಲ್ಲಿ ಅವರು ತೋರಿಸಿದ್ದು ಇಷ್ಟು: ಕೆಲಸದ ಮೌಲ್ಯಮಾಪನದಲ್ಲಿ ಒಂದೇ ಅಂಕ ಪಡೆದವರಲ್ಲೂ ಮಹಿಳೆಯರಿಗೆ, ಅಲ್ಪಸಂಖ್ಯಾತ ಜನಾಂಗದವರಿಗೆ ಸಂಬಳದ ಏರಿಕೆ ಕಡಿಮೆ ಸಿಕ್ಕಿತ್ತು. ಅಂಕ ಹಾಕುವ ಹಂತದ ನಂತರ, ಅಂಕವನ್ನು ರೂಪಾಯಿಯಾಗಿ ಬದಲಾಯಿಸುವ ಇನ್ನೊಂದು ಕೊಠಡಿಯಲ್ಲಿ ಸೋರಿಕೆ ಇತ್ತು. ಮುಂದೆ ಆ ಕಂಪನಿ, ಸಂಬಳ ನಿರ್ಧರಿಸುವವರು ತಮ್ಮ ನಿರ್ಧಾರಕ್ಕೆ ಕಾರಣ ಕೊಡಬೇಕು, ಅದನ್ನು ಬೇರೆಯವರು ಪರಿಶೀಲಿಸಬೇಕು ಎಂಬ ವ್ಯವಸ್ಥೆ ತಂದಾಗ ಅಂತರ ಕುಗ್ಗಿತೆಂದು 2015ರ ಅಧ್ಯಯನದಲ್ಲಿ ಅವರೇ ದಾಖಲಿಸಿದ್ದಾರೆ. ಅವರೂ ಬೆನಾರ್ಡ್ ಅವರೂ 2010ರಲ್ಲಿ ನಡೆಸಿದ ಪ್ರಯೋಗಗಳಲ್ಲಿ, "ನಮ್ಮಲ್ಲಿ ಪ್ರತಿಭೆಗಷ್ಟೇ ಬೆಲೆ" ಎಂದು ಒತ್ತಿ ಹೇಳಿದ ಸಂಸ್ಥೆಯ ಮ್ಯಾನೇಜರ ಪಾತ್ರದಲ್ಲಿದ್ದವರೇ ಸಮಾನ ಸಾಧನೆಯ ಹೆಂಗಸರಿಗಿಂತ ಗಂಡಸರಿಗೆ ಹೆಚ್ಚು ಬೋನಸ್ ಕೊಟ್ಟರು. ತಾನು ನಿಷ್ಪಕ್ಷಪಾತಿ ಎಂದು ನಂಬಿದವನು ತನ್ನ ಕೈಯನ್ನು ತಾನೇ ನೋಡಿಕೊಳ್ಳುವುದನ್ನು ಬಿಟ್ಟುಬಿಡುತ್ತಾನೆ ಎಂಬುದು ಇದಕ್ಕೆ ಸಂಶೋಧಕರು ಕೊಡುವ ವಿವರಣೆಗಳಲ್ಲೊಂದು.

ಪರಿಹಾರವೆಂದು ಹಲವು ಕಂಪನಿಗಳು ಒಂದು ದಿನದ ಸಂವೇದನಾ ತರಬೇತಿ ನಡೆಸಿ ಊಟ ಹಾಕಿ ಕಳುಹಿಸುತ್ತವೆ. ಅಲೆಕ್ಸಾಂಡ್ರಾ ಕಲೆವ್, ಫ್ರ್ಯಾಂಕ್ ಡಾಬಿನ್ ಮತ್ತು ಎರಿನ್ ಕೆಲ್ಲಿ ಅವರು ಅಮೆರಿಕದ 708 ಖಾಸಗಿ ಸಂಸ್ಥೆಗಳ 1971ರಿಂದ 2002ರವರೆಗಿನ ದಾಖಲೆಗಳನ್ನು ನೋಡಿದಾಗ, ಮ್ಯಾನೇಜರ್ ಹುದ್ದೆಗಳಲ್ಲಿ ಮಹಿಳೆಯರ ಮತ್ತು ಕರಿಯರ ಸಂಖ್ಯೆ ಹೆಚ್ಚಿಸುವುದರಲ್ಲಿ ಇಂಥ ತರಬೇತಿಗಳ ಪ್ರಯೋಜನ ಅತ್ಯಲ್ಪವಾಗಿತ್ತು. ನಿರ್ದಿಷ್ಟ ವ್ಯಕ್ತಿಗೆ ಅಥವಾ ಸಮಿತಿಗೆ ಈ ಹೊಣೆಯನ್ನು ಒಪ್ಪಿಸಿದ ಕಡೆ ಫಲ ಹೆಚ್ಚಿತ್ತು. ಎಣಿಸಿ ನೋಡುವುದು, ಹೊಣೆ ಹೊರಿಸುವುದು ನಮ್ಮ ನಾಡಿಗೆ ಹೊಸದಲ್ಲ. ಸರ್ಕಾರಿ ಹುದ್ದೆಗಳಲ್ಲಿ ಯಾವ ಸಮುದಾಯದವರು ಎಷ್ಟಿದ್ದಾರೆಂದು ನೋಡಿ ಉಪಾಯ ಸೂಚಿಸಲು ಮೈಸೂರು ಸಂಸ್ಥಾನ 1918ರಲ್ಲೇ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿತ್ತು, 1970ರ ದಶಕದಲ್ಲಿ ಹಾವನೂರು ಆಯೋಗ ಅದೇ ಕೆಲಸವನ್ನು ಇನ್ನೂ ವಿಸ್ತಾರವಾಗಿ ಮಾಡಿತು. ಖಾಸಗಿ ಕಚೇರಿಗಳ ಬಾಗಿಲಿನಲ್ಲಿ ಮಾತ್ರ ಈ ಎಣಿಕೆ ನಿಂತುಬಿಟ್ಟಿತು.

ಕಾನೂನಿನ ಸ್ಥಿತಿಯನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ನಾನು ವಕೀಲನಲ್ಲ. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆ ಖಾಸಗಿ ಉದ್ಯೋಗದಾತರಿಗೂ ಅನ್ವಯಿಸುತ್ತದೆ, ಜನಾಂಗ, ಬಣ್ಣ, ಧರ್ಮ, ಲಿಂಗ, ರಾಷ್ಟ್ರಮೂಲ ಎಲ್ಲವನ್ನೂ ಒಳಗೊಳ್ಳುತ್ತದೆ. ನಮ್ಮಲ್ಲಿ ಖಾಸಗಿ ಸಂಸ್ಥೆಯ ಬಡ್ತಿಯಲ್ಲಿ ಜಾತಿಯ ಕಾರಣಕ್ಕೆ ಆದ ತಾರತಮ್ಯವನ್ನು ಪ್ರಶ್ನಿಸಲು ಅಂಥ ಸಮಗ್ರ ಕಾಯ್ದೆ ಇಲ್ಲ. ಲಿಂಗದ ವಿಷಯದಲ್ಲಿ 1976ರ ಸಮಾನ ವೇತನ ಕಾಯ್ದೆ ಇತ್ತು. 1987ರ ತಿದ್ದುಪಡಿ ಅದಕ್ಕೆ ಬಡ್ತಿ, ತರಬೇತಿ, ವರ್ಗಾವಣೆ ಎಂಬ ಪದಗಳನ್ನು ಸ್ಪಷ್ಟವಾಗಿಯೇ ಸೇರಿಸಿತ್ತು. ಅದರ ಸ್ಥಾನಕ್ಕೆ ಬಂದಿರುವ 2019ರ ವೇತನ ಸಂಹಿತೆಯಲ್ಲಿ "ಉದ್ಯೋಗದ ಷರತ್ತುಗಳು" ಎಂಬ ಸಾಮಾನ್ಯ ಮಾತಿದೆ. ಹಾಸನದ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವಾಗ ಈ ವ್ಯತ್ಯಾಸ ನಿಮ್ಮ ಗಮನದಲ್ಲಿರಲಿ.

ಅದಕ್ಕೂ ಮುಂಚೆ ನೀವು ಮಾಡಬಹುದಾದ ಕೆಲಸವೊಂದಿದೆ, ಲೆಕ್ಕ ಬರೆಯುವ ನಿಮಗೆ ಅದು ಕಷ್ಟವಲ್ಲ. ನೀವು ಸೇರಿದಂದಿನಿಂದ ಇಂದಿನವರೆಗೆ ನಿಮ್ಮ ಸಂಸ್ಥೆಯಲ್ಲಿ ಬಡ್ತಿ ಪಡೆದ ಮತ್ತು ಪಡೆಯದ ಎಲ್ಲರ ಪಟ್ಟಿ ಮಾಡಿ: ಸೇರಿದ ವರ್ಷ, ವಿದ್ಯೆ, ಸೇರಿದಾಗಿನ ಹುದ್ದೆ, ಹೊರಗಿನ ಓಡಾಟದ ಕೆಲಸ ಯಾರಿಗೆ ಯಾವಾಗ ಸಿಕ್ಕಿತು, ಬಡ್ತಿಯಾದ ವರ್ಷ, ಗಂಡೋ ಹೆಣ್ಣೋ, ತಮಗೆ ಗೊತ್ತಿರುವ ಮಟ್ಟಿಗೆ ಮನೆಯ ಹಿನ್ನೆಲೆ. ಇಪ್ಪತ್ತು ಮಂದಿಯ ಪಟ್ಟಿಯಿಂದ ಸಂಖ್ಯಾಶಾಸ್ತ್ರದ ಸಿದ್ಧಾಂತವೇನೂ ಹೊರಡುವುದಿಲ್ಲ, ಆದರೆ ಓಡಾಟದ ಕೆಲಸ ಮೊದಲ ವರ್ಷವೇ ಸಿಕ್ಕವರು ಯಾರು, ಎಂದೂ ಸಿಗದವರು ಯಾರು ಎಂಬುದು ಕಾಣುತ್ತದೆ. ಹಾಗೆಯೇ ನಿಮ್ಮಂತೆ ಮಗುವಿದ್ದೂ ಬಡ್ತಿ ಪಡೆದ ಮಹಿಳೆ ಇದ್ದರೆ, ನಿಮಗಿಂತ ಹೆಚ್ಚು ಅರ್ಹನಾದ ಗಂಡಸಿಗೂ ಬಡ್ತಿ ತಪ್ಪಿದ್ದರೆ, ಅದೂ ಕಾಣುತ್ತದೆ. ಆಗ ನಿಮ್ಮ ಮೂರನೆಯ ಅನುಮಾನವನ್ನು ಮತ್ತೆ ಕೈಗೆತ್ತಿಕೊಳ್ಳಬೇಕಾಗಬಹುದು, ಅದಕ್ಕೂ ಸಿದ್ಧರಿರಿ. ಆ ಬಳಿಕ ಆಡಳಿತದವರಿಗೆ ಪತ್ರ ಬರೆದು, ಮುಂದಿನ ಮುಖ್ಯಸ್ಥರ ಹುದ್ದೆಗೆ ಬೇಕಾದ ಅನುಭವಗಳು ಯಾವುವು, ಅವನ್ನು ನನಗೆ ಯಾವಾಗ ವಹಿಸುತ್ತೀರಿ ಎಂದು ಕೇಳಿ. ನೀವು ನನ್ನ ಬಗ್ಗೆ ತಾರತಮ್ಯ ಮಾಡಿದಿರಿ ಎಂದು ಬರೆದರೆ ಅವರು ತಮ್ಮ ಮನಸ್ಸು ಎಷ್ಟು ಶುದ್ಧವೆಂದು ಹೇಳುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಕ್ರಮದ ಬಗ್ಗೆ ಕೇಳಿದರೆ ಕ್ರಮದ ಬಗ್ಗೆಯೇ ಉತ್ತರಿಸಬೇಕಾಗುತ್ತದೆ.

ಕೊನೆಗೆ ನಿಮ್ಮ ಪತ್ರದ ಒಂದು ವಿವರ. ಹೊಸಬರಿಗೆ ಕೆಲಸ ಕಲಿಸಿದ್ದು ನಾನೇ ಎಂಬುದನ್ನು ನೀವು ಆವರಣದೊಳಗೆ ಬರೆದಿದ್ದೀರಿ. ಬಡ್ತಿಗೆ ಲೆಕ್ಕವಾಗದ ಇಂಥ ಕೆಲಸಗಳ ಬಗ್ಗೆ ಲಿಂಡಾ ಬ್ಯಾಬ್‌ಕಾಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಿವೆ: ಗಂಡಸರೂ ಹೆಂಗಸರೂ ಬೆರೆತ ಗುಂಪಿನಲ್ಲಿ ಯಾರಾದರೊಬ್ಬರು ಮಾಡಲೇಬೇಕಾದ, ಮಾಡಿದವರಿಗೆ ಲಾಭವಿಲ್ಲದ ಕೆಲಸಕ್ಕೆ ಮುಂದೆ ಬರುವವರು ಹೆಚ್ಚಾಗಿ ಹೆಂಗಸರು, ಅವರನ್ನೇ ಕೇಳುವುದೂ ಹೆಚ್ಚು; ಬರೀ ಗಂಡಸರ ಗುಂಪು, ಬರೀ ಹೆಂಗಸರ ಗುಂಪುಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಇನ್ನೊಂದು ಅಂಕಣ ಸೇರಿಸಿ, ಯಾರು ಯಾರಿಗೆ ಕೆಲಸ ಕಲಿಸಿದರು ಎಂದು. ಆ ವಾಕ್ಯವನ್ನು ಆವರಣದಿಂದ ಹೊರತೆಗೆದು ಆಡಳಿತಕ್ಕೆ ಬರೆಯುವ ಪತ್ರದ ಮೊದಲ ಸಾಲಿನಲ್ಲಿ ಇಡಿ.